ಅಂತರರಾಷ್ಟ್ರೀಯ ಆಹಾರ ನೆರವಿನ ವೆಚ್ಚ ಮತ್ತು ಫಲ: ತುಮಕೂರು ಸೀಮೆಯ ಅನುಭವದ ಬೆಳಕಿನಲ್ಲಿ ಒಂದು ವಿವೇಚನೆ

ಹಸಿದ ದೇಶಕ್ಕೆ ಉಳ್ಳ ದೇಶವು ಧಾನ್ಯವನ್ನು ಕಳುಹಿಸುವುದು ದಾನವೋ, ವ್ಯಾಪಾರವೋ, ರಾಜನೀತಿಯೋ ಎಂಬ ಚರ್ಚೆ ಬಹುಕಾಲದಿಂದ ನಡೆದುಬಂದಿದೆ. ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಅದಕ್ಕಿಂತ ಚಿಕ್ಕದು; ಆದರೆ ಉತ್ತರಿಸಲು ಅದಕ್ಕಿಂತ ಸುಲಭವಾದುದೇನೂ ಅಲ್ಲ. ಹೀಗೆ ಕಳುಹಿಸಿದ ಧಾನ್ಯಕ್ಕೆ ತಗಲಿದ ವೆಚ್ಚಕ್ಕೂ ಅದರಿಂದ ಹಸಿದವನಿಗೆ ದೊರೆತ ಫಲಕ್ಕೂ ಇರುವ ಪ್ರಮಾಣವೇನು? ಆ ವೆಚ್ಚವನ್ನು ಕಟ್ಟಕಡೆಗೆ ಹೊತ್ತವರು ಯಾರು? ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಒಂದು ವರ್ಷದ ಲೆಕ್ಕದಲ್ಲಿ ನೋಡುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಅಷ್ಟು ಸಾಲದು. ಒಂದು ಸೀಮೆಯು ನೂರೈವತ್ತು ವರ್ಷಗಳಲ್ಲಿ ಬೇರೆಬೇರೆ ರೂಪದ ನೆರವುಗಳನ್ನು ಪಡೆದು, ಅವುಗಳಲ್ಲಿ ಯಾವುದನ್ನು ಉಳಿಸಿಕೊಂಡಿತು, ಯಾವುದು ಹಾಗೆಯೇ ಕರಗಿಹೋಯಿತು ಎಂಬುದನ್ನು ಅವನು ನೋಡಬೇಕಾಗುತ್ತದೆ.

ಈ ಪ್ರಶ್ನೆಗೆ ಇಂದು ಹೊಸ ತುರ್ತು ಬಂದಿದೆ. 2025ರ ಜುಲೈ 1ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯು ವಿದೇಶೀ ನೆರವಿನ ಕಾರ್ಯಗಳನ್ನು ನಡೆಸುವುದನ್ನು ನಿಲ್ಲಿಸಿತು. ನೆರವು ವ್ಯರ್ಥವೆಂದು ವಾದಿಸುವವರು ಅದರ ದುಬಾರಿ ವೆಚ್ಚವನ್ನು ಮುಂದೊಡ್ಡುತ್ತಾರೆ. ನೆರವು ಬೇಕೆನ್ನುವವರು ಉಳಿದ ಪ್ರಾಣಗಳನ್ನು ಮುಂದೊಡ್ಡುತ್ತಾರೆ. ಎರಡು ವಾದಗಳೂ ಸತ್ಯವಾಗಿರುವುದು ಸಾಧ್ಯ. ನೆರವಿನ ಇತಿಹಾಸದಲ್ಲಿ ವ್ಯರ್ಥವಾದುದು ಯಾವುದು, ಸಾರ್ಥಕವಾದುದು ಯಾವುದು ಎಂದು ಬೇರ್ಪಡಿಸಿ ನೋಡದಿದ್ದರೆ ಈ ವಾದಕ್ಕೆ ಕೊನೆಯಿಲ್ಲ.

ವಿವೇಚನೆಗಾಗಿ ನಾವು ಆರಿಸಿಕೊಂಡಿರುವ ನೆಲೆ ವಸಂತನರಸಾಪುರ ಮತ್ತು ಅದರ ಸುತ್ತಣ ತುಮಕೂರು ಸೀಮೆ. ತುಮಕೂರು ನಗರದ ಉತ್ತರಕ್ಕೆ, ಶಿರಾ ಕಡೆಗೆ ಹೋಗುವ ಹೆದ್ದಾರಿಯ ಸಮೀಪದಲ್ಲಿರುವ ಈ ಗ್ರಾಮದ ಹೆಸರು ಈಗ ಒಂದು ದೊಡ್ಡ ಕೈಗಾರಿಕಾ ಪ್ರದೇಶದ ಹೆಸರಾಗಿದೆ. 2014ರ ಸೆಪ್ಟೆಂಬರ್ 24ರಂದು ಇಲ್ಲಿ ಆಹಾರ ಸಂಸ್ಕರಣದ ಬೃಹತ್ ಉದ್ಯಾನವೊಂದನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಧಾನ್ಯವನ್ನು ಹಸನುಮಾಡಿ, ಬೀಸಿ, ಚೀಲಕ್ಕೆ ತುಂಬಿ, ಶೀತಗೃಹದಲ್ಲಿಟ್ಟು ದೂರದ ಊರುಗಳಿಗೆ ಕಳುಹಿಸುವ ವ್ಯವಸ್ಥೆ ಇದು. ಆದರೆ ಇದೇ ಸೀಮೆಯು ಒಂದು ಕಾಲಕ್ಕೆ ಪರದೇಶದ ಚಂದಾ ಹಣಕ್ಕೂ, ಇನ್ನೊಂದು ಕಾಲಕ್ಕೆ ಪರದೇಶದ ಗೋಧಿಗೂ, ಹಾಲಿನ ಪುಡಿಗೂ ಕೈಯೊಡ್ಡಿದ್ದಿತು. ಆದುದರಿಂದ ನೆರವಿನ ಫಲವನ್ನು ಪರೀಕ್ಷಿಸಲು ಇದು ತಕ್ಕ ಸ್ಥಳವೆಂದು ನಾವು ಭಾವಿಸಿದ್ದೇವೆ.

ಧಾತು–ಈಶ್ವರ ಸಂವತ್ಸರಗಳ ಕ್ಷಾಮ

ಹಳೆಯ ಮೈಸೂರು ಸೀಮೆಯ ಜನರ ನೆನಪಿನಲ್ಲಿ ಧಾತು–ಈಶ್ವರ ಸಂವತ್ಸರಗಳ ಹೆಸರಿನಿಂದ ಉಳಿದಿರುವ 1876–78ರ ಮಹಾಕ್ಷಾಮದಿಂದಲೇ ನಮ್ಮ ಲೆಕ್ಕ ಪ್ರಾರಂಭವಾಗಬೇಕು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟು, ಎಂದರೆ ಶೇಕಡ 17ರಷ್ಟು ಜನ ಕಡಮೆಯಾದರು. ಕೋಲಾರ, ಬೆಂಗಳೂರು, ತುಮಕೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳು ಬಹಳವಾಗಿ ನೊಂದವು.

ಈ ದುರಂತದಲ್ಲಿ ಸರ್ಕಾರವು ನಡೆದುಕೊಂಡ ರೀತಿಯನ್ನು ತಿಳಿಯಲು ಅದಕ್ಕೆ ಸ್ವಲ್ಪ ಹಿಂದೆ ಬಿಹಾರದಲ್ಲಿ ನಡೆದುದನ್ನು ನೋಡಬೇಕು. 1873–74ರಲ್ಲಿ ಅಲ್ಲಿ ಬರ ಬಿದ್ದಾಗ ಸರ್ ರಿಚರ್ಡ್ ಟೆಂಪಲ್ ಬರ್ಮಾದಿಂದ ಲಕ್ಷಾಂತರ ಟನ್ನು ಅಕ್ಕಿಯನ್ನು ತರಿಸಿ ಹಂಚಿದನು. ಹಸಿವಿನಿಂದ ಸತ್ತವರು ಬಹು ವಿರಳ. ಆದರೆ ವೆಚ್ಚವು ಅರುವತ್ತು ಲಕ್ಷ ಪೌಂಡುಗಳನ್ನು ಮೀರಿತು. ಮಿಕ್ಕ ಅಕ್ಕಿಯನ್ನು ನಷ್ಟಕ್ಕೆ ಮಾರಬೇಕಾಯಿತು. ಪ್ರಾಣ ಉಳಿದುದಕ್ಕಾಗಿ ದೊರೆಯಬೇಕಾಗಿದ್ದ ಪ್ರಶಂಸೆಗೆ ಬದಲಾಗಿ ದುಂದುಗಾರನೆಂಬ ನಿಂದೆ ಆತನಿಗೆ ದೊರೆಯಿತು. ಮೂರು ವರ್ಷಗಳ ತರುವಾಯ ದಕ್ಷಿಣದ ಕ್ಷಾಮಕ್ಕೆ ವೈಸರಾಯ್ ಲಿಟ್ಟನ್‌ನ ಪ್ರತಿನಿಧಿಯಾಗಿ ಬಂದವನೂ ಅವನೇ. ಈ ಸಲ ಆತನು ಮಿತವ್ಯಯಿಯಾದನು. ಮದರಾಸು ಪ್ರಾಂತದಲ್ಲಿ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅದರ ಮೇಲೆ ಅತ್ಯಲ್ಪ ಹಣ ಎಂಬ ಕೂಲಿಯನ್ನು ಗೊತ್ತುಮಾಡಿದನು. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ಕೆಲವು ತಿಂಗಳುಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು.

ವೆಚ್ಚ ಮತ್ತು ಫಲಗಳ ವಿವೇಚನೆಯಲ್ಲಿ ಈ ಎರಡು ಪ್ರಸಂಗಗಳಿಗಿಂತ ದೊಡ್ಡ ಪಾಠ ಬೇರೊಂದಿಲ್ಲ. ಟನ್ನಿಗೆ ಬಿದ್ದ ಬೆಲೆಯನ್ನು ಅಳತೆಗೋಲಾಗಿಟ್ಟುಕೊಂಡರೆ ಬಿಹಾರದ ನೆರವು ಸೋತಿತು, ಮದರಾಸಿನ ನೆರವು ಗೆದ್ದಿತು. ಉಳಿದ ಪ್ರಾಣಕ್ಕೆ ಬಿದ್ದ ಬೆಲೆಯನ್ನು ಅಳತೆಗೋಲಾಗಿಟ್ಟುಕೊಂಡರೆ ತೀರ್ಪು ತಲೆಕೆಳಗಾಗುತ್ತದೆ. ಅಳತೆಗೋಲನ್ನು ಯಾರು ಹಿಡಿದಿದ್ದಾರೆಂಬುದೇ ಲೆಕ್ಕದ ಉತ್ತರವನ್ನು ನಿರ್ಣಯಿಸುತ್ತದೆ.

ತುಮಕೂರಿನ ಮಟ್ಟಿಗೆ ಇನ್ನೊಂದು ತೊಡಕಿದ್ದಿತು. ಮದರಾಸಿನಿಂದ ಬೆಂಗಳೂರು ದಂಡಿಗೆ 1864ರಲ್ಲಿಯೇ ರೈಲು ಬಂದಿತ್ತು. ಆದರೆ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದು ಕ್ಷಾಮ ಮುಗಿದ ಮೇಲೆ, 1884ರಲ್ಲಿ. ಕಡಲ ಮೇಲೆ ಬಂದ ಧಾನ್ಯ ಮದರಾಸಿನ ತಡಿಯಲ್ಲಿ ರಾಶಿ ಬಿದ್ದಿತು. ರೈಲಿನಲ್ಲಿ ಬೆಂಗಳೂರಿನವರೆಗೆ ಬಂದುದು ಅಲ್ಲಿಂದ ಮುಂದೆ ಎತ್ತಿನ ಗಾಡಿಯನ್ನು ಕಾಯಬೇಕಾಯಿತು. ಬರಗಾಲದಲ್ಲಿ ಎತ್ತಿಗೂ ಮೇವಿಲ್ಲ, ನೀರಿಲ್ಲ. ಸುಮಾರು ಎಪ್ಪತ್ತು ಕಿಲೋಮೀಟರು ದೂರದ ತುಮಕೂರಿಗೇ ಹಲವು ದಿನಗಳ ಹಾದಿ. ಅಲ್ಲಿಂದ ಮುಂದಿನ ಶಿರಾ, ಪಾವಗಡಗಳ ಮಾತು ಹೇಳಬೇಕಾದುದಿಲ್ಲ. ಸಾವಿರಾರು ಮೈಲಿ ಬಂದ ಕಾಳಿಗೆ ಕೊನೆಯ ಹಲವು ಹರದಾರಿಗಳೇ ಕಠಿನವಾದುವು. ಧಾನ್ಯದ ಬೆಲೆಗಿಂತ ದಾರಿಯ ಬೆಲೆ ಹೆಚ್ಚು ಎಂಬ ಈ ಅನುಭವವೇ 1880ರ ಕ್ಷಾಮ ಆಯೋಗವು ರೈಲು ಮಾರ್ಗಗಳ ವಿಸ್ತರಣೆಯನ್ನು ಒತ್ತಿ ಹೇಳುವುದಕ್ಕೆ ಒಂದು ಕಾರಣವಾಯಿತು.

ಇದೇ ಕ್ಷಾಮದಲ್ಲಿ ಪರದೇಶದ ಜನರಿಂದ ನೇರವಾಗಿ ಬಂದ ನೆರವೂ ಒಂದಿದೆ. 1877ರ ಆಗಸ್ಟಿನಲ್ಲಿ ಮದರಾಸಿನ ಸಾರ್ವಜನಿಕ ಸಭೆಯ ಮೊರೆಗೆ ಓಗೊಟ್ಟು ಲಂಡನ್ನಿನ ಲಾರ್ಡ್ ಮೇಯರ್ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ ಲಕ್ಷಾಂತರ ಪೌಂಡುಗಳ ಚಂದಾ ಕೂಡಿತು. ಮದರಾಸಿನಲ್ಲಿ ಅದರ ಕಾರ್ಯದರ್ಶಿಯಾಗಿ ದುಡಿದ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲಿ ಬರೆದ ಎರಡು ಸಂಪುಟಗಳ ಇತಿಹಾಸ ಮೈಸೂರು ಪ್ರಾಂತವನ್ನೂ ಒಳಗೊಂಡಿದೆ. ಈ ನಿಧಿ ಧಾನ್ಯವಾಗಿ ಬರಲಿಲ್ಲ, ಹಣವಾಗಿ ಬಂದಿತು. ಅನ್ನಸತ್ರಗಳನ್ನು ನಡೆಸುವ ಹೊಣೆ ಸರ್ಕಾರದ್ದಾಗಿದ್ದುದರಿಂದ ನಿಧಿಯ ಹೆಚ್ಚಿನ ಪಾಲು ರೈತರಿಗೆ ಬಿತ್ತನೆಯ ಬೀಜ, ಉಳುವ ಎತ್ತು, ಹೊದೆಯುವ ಬಟ್ಟೆ, ಬಿದ್ದ ಗುಡಿಸಲಿನ ದುರಸ್ತಿ ಇವುಗಳಿಗೆ ವಿನಿಯೋಗವಾಯಿತು. ಮಳೆ ಬಂದ ದಿನ ಕೈಯಲ್ಲಿ ಬೀಜವಿಲ್ಲದ ಒಕ್ಕಲಿಗೆ ಮುಂದಿನ ವರ್ಷವೂ ಕ್ಷಾಮವೇ. ಆ ದೃಷ್ಟಿಯಿಂದ ಒಂದು ಹಿಡಿ ಬೀಜಕ್ಕೆ ಕೊಟ್ಟ ಹಣ ಒಂದು ಚೀಲ ಅನ್ನದ ಕಾಳಿಗೆ ಸಮವಾಯಿತೆನ್ನಬೇಕು.

ಆದರೆ ಸರ್ಕಾರ ಮಾಡಿದ ವೆಚ್ಚ ದಾನವಾಗಿರಲಿಲ್ಲ. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಸಂಸ್ಥಾನವು ಮರಳಿದಾಗ ಕ್ಷಾಮದ ಕಾಲದಲ್ಲಿ ಬೆಳೆದ 80 ಲಕ್ಷ ರೂಪಾಯಿಗಳ ಸಾಲವೂ ಅದರೊಡನೆ ಬಂದಿತು. ದಿವಾನ್ ರಂಗಾಚಾರ್ಲು ಮತ್ತು ಶೇಷಾದ್ರಿ ಅಯ್ಯರ್ ಅವರ ಆಡಳಿತದ ಮೊದಲ ವರ್ಷಗಳು ಈ ಭಾರದಡಿಯಲ್ಲಿ ನಡೆದುವು. ಬದುಕಿ ಉಳಿದವರು ತಮಗೆ ಸಿಕ್ಕ ಗಂಜಿಯ ಬೆಲೆಯನ್ನು ಕಂದಾಯವಾಗಿ ತೆತ್ತರೆಂಬುದು ಇದರ ತಾತ್ಪರ್ಯ.

ಪಿ. ಎಲ್. 480ರ ಗೋಧಿ

ಸ್ವಾತಂತ್ರ್ಯಾನಂತರದ ನೆರವಿನ ಸ್ವರೂಪ ಬೇರೆ. 1951ರಲ್ಲಿ ಅಮೆರಿಕವು 20 ಲಕ್ಷ ಟನ್ನು ಧಾನ್ಯವನ್ನು ಕೊಳ್ಳಲು ಭಾರತಕ್ಕೆ 19 ಕೋಟಿ ಡಾಲರುಗಳ ಸಾಲವನ್ನು ಕೊಟ್ಟಿತು. 1954ರ ಜುಲೈ 10ರಂದು ಅಧ್ಯಕ್ಷ ಐಸನ್‌ಹೋವರ್ ಸಹಿಮಾಡಿದ 480ನೆಯ ಸಾರ್ವಜನಿಕ ಕಾನೂನಿನ ಮೂಲ ಉದ್ದೇಶ ಆ ದೇಶದ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಬೆಳೆಗೆ ಮಾರುಕಟ್ಟೆಯನ್ನು ಒದಗಿಸುವುದು. ಭಾರತದೊಡನೆ ಮೊದಲ ಒಪ್ಪಂದ 1956ರ ಆಗಸ್ಟಿನಲ್ಲಿ ಆಯಿತು. 1960ರ ಮೇ ತಿಂಗಳಿನಲ್ಲಿ ಆಹಾರ ಸಚಿವ ಎಸ್. ಕೆ. ಪಾಟೀಲರು ಮಾಡಿಕೊಂಡ ಒಪ್ಪಂದ ನಾಲ್ಕು ವರ್ಷಗಳಿಗೆ 160 ಲಕ್ಷ ಟನ್ನು ಗೋಧಿ ಮತ್ತು 10 ಲಕ್ಷ ಟನ್ನು ಅಕ್ಕಿಯದು. ಬೆಲೆಯನ್ನು ಡಾಲರುಗಳಲ್ಲಿ ಅಲ್ಲ, ರೂಪಾಯಿಗಳಲ್ಲಿ ಕೊಡಬಹುದಾಗಿದ್ದುದೇ ಇದರ ಆಕರ್ಷಣೆ.

ಕೈಗೆ ಸುಲಭವಾಗಿ ಕಂಡ ಈ ಗೋಧಿಯ ನಿಜವಾದ ಬೆಲೆ ಏನು? ಅರ್ಥಶಾಸ್ತ್ರಜ್ಞ ಥಿಯೊಡೋರ್ ಷುಲ್ಟ್ಸ್ 1960ರಲ್ಲಿಯೇ ಇದನ್ನು ಕೇಳಿದನು. ಹೆಚ್ಚುವರಿ ಧಾನ್ಯವನ್ನು ಬೆಳೆಸಿ ಕೂಡಿಡಲು ಅಮೆರಿಕ ಮಾಡಿದ ವೆಚ್ಚಕ್ಕಿಂತ, ಪಡೆದ ದೇಶಕ್ಕೆ ಅದರಿಂದ ಸಿಗುವ ಮೌಲ್ಯ ಬಹಳ ಕಡಮೆಯೆಂದೂ, ಅಗ್ಗದ ಧಾನ್ಯ ಅಲ್ಲಿಯ ರೈತನ ಬೆಲೆಯನ್ನು ಇಳಿಸಿ ಬೇಸಾಯದ ಉತ್ಸಾಹವನ್ನು ಕುಗ್ಗಿಸಬಹುದೆಂದೂ ಆತನು ವಾದಿಸಿದನು. ಪುಣೆಯ ಗೋಖಲೆ ಸಂಸ್ಥೆಯ ನೀಲಕಂಠ ರಥ್ ಮತ್ತು ಪಟವರ್ಧನ್ 1967ರಲ್ಲಿ ಈ ನೆರವಿನ ಪರಿಣಾಮಗಳನ್ನು ಕುರಿತು ಗ್ರಂಥವನ್ನೇ ಬರೆದರು. 1977ರಲ್ಲಿ ಪಾಲ್ ಐಸನ್‌ಮನ್ ಮತ್ತು ಹ್ಯಾನ್ಸ್ ಸಿಂಗರ್ ಇದಕ್ಕೆ ಇನ್ನೊಂದು ಮುಖವನ್ನು ತೋರಿಸಿದರು: ಗೋಧಿ ನ್ಯಾಯಬೆಲೆ ಅಂಗಡಿಗಳ ಮೂಲಕ ಬಡವರಿಗೆ ಹೋಗಿ ಅವರ ಉಣ್ಣುವ ಪ್ರಮಾಣವನ್ನೇ ಹೆಚ್ಚಿಸಿದುದರಿಂದ ರೈತನಿಗೆ ಆದ ಹಾನಿ ಭಯಪಟ್ಟಷ್ಟು ದೊಡ್ಡದಲ್ಲ ಎಂದು. ನಮಗೆ ಎರಡನೆಯ ವಾದದಲ್ಲಿ ಹೆಚ್ಚು ಹುರುಳು ಕಾಣುತ್ತದೆ. ಬಂದ ಧಾನ್ಯಕ್ಕಿಂತ ಅದನ್ನು ಹಂಚಿದ ಅಂಗಡಿಯೇ ಫಲವನ್ನು ನಿರ್ಧರಿಸಿತು. ಮೈಸೂರು ಸೀಮೆಯ ರೈತ ಬೆಳೆಯುತ್ತಿದ್ದುದು ರಾಗಿ, ಬಂದುದು ಗೋಧಿ. ಮಾರುಕಟ್ಟೆಯಲ್ಲಿ ಇವೆರಡರ ನೇರ ಸ್ಪರ್ಧೆ ಅಷ್ಟಾಗಿ ಇರಲಿಲ್ಲವೆಂಬುದನ್ನೂ ಗಮನಿಸಬೇಕು.

ಆದರೆ ಲೆಕ್ಕದ ಪುಸ್ತಕಕ್ಕೆ ಸಿಗದ ಬೆಲೆಯೊಂದನ್ನು ದೇಶವು 1965–66ರಲ್ಲಿ ತೆತ್ತಿತು. ಮಳೆ ಕೈಕೊಟ್ಟು ದೇಶದ ಆಹಾರಧಾನ್ಯದ ಉತ್ಪತ್ತಿ 1964–65ರ 894 ಲಕ್ಷ ಟನ್ನುಗಳಿಂದ ಮರುವರ್ಷ 723 ಲಕ್ಷ ಟನ್ನುಗಳಿಗೆ ಕುಸಿಯಿತು. 1966ರಲ್ಲಿ ಒಂದು ಕೋಟಿ ಟನ್ನಿನಷ್ಟು ಧಾನ್ಯ ಹೊರಗಿನಿಂದ ಬಂದಿತು. ಅದರಲ್ಲಿ ಹೆಚ್ಚಿನ ಪಾಲು ಅಮೆರಿಕದ್ದು. ಆ ಗೋಧಿ ಇಲ್ಲದಿದ್ದರೆ ಆಗುತ್ತಿದ್ದ ಸಾವುಗಳನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅಧ್ಯಕ್ಷ ಜಾನ್ಸನ್ ದೀರ್ಘಾವಧಿಯ ಒಪ್ಪಂದವನ್ನು ಬಿಟ್ಟು ಅಲ್ಪಾವಧಿಯ ಕಂತುಗಳಲ್ಲಿ ಗೋಧಿಯನ್ನು ಬಿಡುಗಡೆಮಾಡುವ ಕ್ರಮವನ್ನು ಹಿಡಿದನು. ಭಾರತದ ಕೃಷಿನೀತಿಯೂ, ವಿಯಟ್ನಾಂ ಯುದ್ಧವನ್ನು ಕುರಿತ ಭಾರತದ ಮಾತುಗಳೂ ಹಡಗಿನ ಹೊರಡುವ ದಿನದೊಡನೆ ತಳಕುಹಾಕಿಕೊಂಡವು. ಹಡಗಿನಿಂದ ಇಳಿದುದು ನೇರವಾಗಿ ಬಾಯಿಗೆ ಎಂಬ ಸ್ಥಿತಿಯಲ್ಲಿ ಒಂದು ವಾರದ ವಿಳಂಬವೂ ಒಂದು ಬೆಲೆಯೇ. ಆ ಅನುಭವ ಸಿ. ಸುಬ್ರಹ್ಮಣ್ಯಂ ಅವರ ಹೊಸ ಕೃಷಿನೀತಿಗೆ ಬಲವನ್ನು ಕೊಟ್ಟಿತೆಂಬುದನ್ನು ಫಲದ ಪಟ್ಟಿಯಲ್ಲಿ ಬರೆದುಕೊಳ್ಳಬಹುದು. ಆದರೆ ಅದು ಕೊಟ್ಟವರು ಉದ್ದೇಶಿಸಿದ ಫಲವೆಂದು ಹೇಳುವುದು ಕಷ್ಟ.

ಗೋಧಿಗಾಗಿ ಭಾರತ ಕೊಟ್ಟ ರೂಪಾಯಿಗಳು ಅಮೆರಿಕದ ಲೆಕ್ಕದಲ್ಲಿ ಇಲ್ಲಿಯೇ ಗುಡ್ಡೆಬಿದ್ದುವು. ಅವುಗಳಲ್ಲಿ ಬಹುಪಾಲನ್ನು ಸಾಲವಾಗಿಯೋ ಅನುದಾನವಾಗಿಯೋ ಭಾರತಕ್ಕೇ ಮರಳಿಸಲಾಗುತ್ತಿದ್ದಿತಾದರೂ ಶೇಷ ಬೆಳೆಯುತ್ತಲೇ ಹೋಯಿತು. 1974ರ ಫೆಬ್ರವರಿಯಲ್ಲಿ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಗಳ ಒಂದೇ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸುವುದರೊಡನೆ ಆ ಲೆಕ್ಕದ ದೊಡ್ಡ ಭಾಗ ಮುಗಿಯಿತು. ನಮ್ಮ ವಾಚಕರಿಗೆ ವಿಶೇಷವಾಗಿ ರುಚಿಸಬಹುದಾದ ಸಂಗತಿಯೊಂದಿದೆ: 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದೇ ರೂಪಾಯಿಗಳಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸಿತು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಇದ್ದುವು. ಗೋಧಿ ಇತ್ತ ಬಂದು ತೀರಿತು. ಅದರ ಬೆಲೆಯಿಂದ ಅತ್ತ ಹೋದ ಕನ್ನಡ ಪುಸ್ತಕಗಳನ್ನು ಅಲ್ಲಿಯ ವಿದ್ವಾಂಸರು ಇಂದಿಗೂ ಓದುತ್ತಿದ್ದಾರೆ.

ಈ ಸಂದರ್ಭದಲ್ಲಿ ಒಂದು ಜನಜನಿತ ಮಾತನ್ನು ಪರಿಶೀಲಿಸುವುದು ಉಚಿತ. ನಮ್ಮ ಹೊಲ, ಬೀಳು, ರಸ್ತೆಯ ಮಗ್ಗುಲುಗಳನ್ನು ಆಕ್ರಮಿಸಿರುವ ಪಾರ್ಥೇನಿಯಂ ಕಳೆ, ಎಂದರೆ ಕಾಂಗ್ರೆಸ್ ಗಿಡ, ಪಿ. ಎಲ್. 480ರ ಗೋಧಿಯೊಡನೆ ಬಂದಿತೆಂದು ಹಳ್ಳಿಗಳಲ್ಲಿಯೂ ಪಾಠಗಳಲ್ಲಿಯೂ ಹೇಳುವುದುಂಟು. ಆದರೆ ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದುದು 1955ರಲ್ಲಿ. ಆ ಕಾನೂನಿನಡಿಯಲ್ಲಿ ಭಾರತದೊಡನೆ ಮೊದಲ ಒಪ್ಪಂದವಾದುದು 1956ರಲ್ಲಿ. ಅದಕ್ಕೂ ಹಿಂದಿನ ಆಮದುಗಳೊಡನೆ ಬೀಜ ಬಂದಿರಬಹುದೆಂಬ ಊಹೆಗೆ ಅವಕಾಶವಿದೆ, ಪಿ. ಎಲ್. 480ರ ಮೇಲೆ ಹೊರಿಸಲು ಕಾಲಾನುಕ್ರಮ ಒಪ್ಪುವುದಿಲ್ಲ. ಆದರೂ ಈ ನಂಬಿಕೆಯೇ ಒಂದು ಐತಿಹಾಸಿಕ ಸಾಕ್ಷ್ಯ. ಬಿಟ್ಟಿ ಬಂದ ಧಾನ್ಯಕ್ಕೆ ಎಲ್ಲಿಯೋ ಒಂದು ಬೆಲೆ ತೆರಬೇಕಾಗುತ್ತದೆಂಬ ರೈತನ ಸಂಶಯ ಆ ಗಿಡದ ರೂಪದಲ್ಲಿ ನೆಲೆಗೊಂಡಿತು.

ಹಾಲಿನ ಪುಡಿ ಮತ್ತು ರಾಗಿಯ ಬೀಜ

ದಾನದ ಧಾನ್ಯ ನೇರವಾಗಿ ಶಾಲೆಗಳಿಗೂ ಬಂದಿತು. ಅಮೆರಿಕದ ಕೇರ್ ಸಂಸ್ಥೆ ಒದಗಿಸಿದ ಗೋಧಿನುಚ್ಚಿನ ಉಪ್ಪಿಟ್ಟು, ಜೋಳ–ಸೋಯಾದ ಹಿಟ್ಟು, ಹಾಲಿನ ಪುಡಿ ಇವುಗಳನ್ನು ಉಂಡು ಕಲಿತ ಒಂದು ತಲೆಮಾರು ಕರ್ನಾಟಕದಲ್ಲಿದೆ. ಹೊಟ್ಟೆ ತುಂಬಿದ ಮಗು ಶಾಲೆಗೆ ಬಂದಿತೆಂಬುದು ದೊಡ್ಡ ಫಲ. ಆದರೆ ಪರದೇಶದ ಸರಬರಾಜನ್ನೇ ನೆಚ್ಚಿದ ಊಟ, ಆ ಸರಬರಾಜು ಇರುವವರೆಗೆ ಮಾತ್ರ. ಇದೇ ಕಾಲದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು (1950) ಇನ್ನೊಂದು ದಾರಿಯನ್ನು ಹಿಡಿಯಿತು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮತ್ತು ಕಡಲೆಹಿಟ್ಟುಗಳನ್ನು ಬೆರೆಸಿ ಬಹೂಪಯೋಗಿ ಆಹಾರವನ್ನು ಅದು ಸಿದ್ಧಪಡಿಸಿತು. ಹಾಲಿನ ಪುಡಿ ಹೊರಗಿನಿಂದ ಬರಬೇಕು. ಕಡಲೆಕಾಯಿ ಪಾವಗಡ, ಶಿರಾಗಳ ಹೊಲದಲ್ಲಿಯೇ ಇದೆ. ಸಾರಜನಕಾಂಶಕ್ಕೆ ಬೀಳುವ ಬೆಲೆಯಲ್ಲಿ ಅಂತರವನ್ನು ಉಂಟುಮಾಡುವುದು ಈ ಸಾಮೀಪ್ಯವೇ.

ಆಹಾರ ನೆರವು ಅತ್ಯಂತ ಚೆನ್ನಾಗಿ ಫಲಿಸಿದ ಉದಾಹರಣೆ ಹೈನುಗಾರಿಕೆಯಲ್ಲಿ ದೊರೆಯುತ್ತದೆ. 1970ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು 1,26,000 ಟನ್ನು ಕೆನೆ ತೆಗೆದ ಹಾಲಿನ ಪುಡಿಯನ್ನೂ 42,000 ಟನ್ನು ಬೆಣ್ಣೆಯೆಣ್ಣೆಯನ್ನೂ ಭಾರತಕ್ಕೆ ಕೊಡಲೊಪ್ಪಿತು. ವರ್ಗೀಸ್ ಕುರಿಯನ್ ಅವರು ಇದನ್ನು ಬಿಟ್ಟಿಯಾಗಿ ಹಂಚಲಿಲ್ಲ. ಹಾಲಾಗಿ ಮಾಡಿ ನಗರಗಳಲ್ಲಿ ಸರಿಯಾದ ಬೆಲೆಗೆ ಮಾರಿ, ಬಂದ ಹಣವನ್ನು ಹಳ್ಳಿಯ ಸಹಕಾರ ಸಂಘ, ಶೀತಲೀಕರಣ ಕೇಂದ್ರ, ಪಶುವೈದ್ಯ ಮೊದಲಾದುವುಗಳಲ್ಲಿ ತೊಡಗಿಸಿದರು. ದಾನದ ಹಾಲು ರೈತನ ಹಾಲಿನ ಬೆಲೆಯನ್ನು ಮುರಿಯದಂತೆ ನೋಡಿಕೊಂಡುದೇ ಈ ಯೋಜನೆಯ ಗುಟ್ಟು. ಕರ್ನಾಟಕದಲ್ಲಿ ಇದೇ ಮಾದರಿಯ ಮೇಲೆ, ವಿಶ್ವಬ್ಯಾಂಕಿನ ಸಾಲದ ನೆರವಿನಿಂದ, 1970ರ ದಶಕದ ನಡುವಿನಲ್ಲಿ ತುಮಕೂರೂ ಸೇರಿದಂತೆ ದಕ್ಷಿಣದ ಜಿಲ್ಲೆಗಳಲ್ಲಿ ಹಾಲಿನ ಸಂಘಗಳು ಹುಟ್ಟಿದುವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವು ರೂಪುಗೊಂಡಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರು ಹಾಲು ಕೊಡಲಾರಂಭಿಸಿದಾಗ ಅದಕ್ಕೆ ಬೇಕಾದ ಪುಡಿ ಬಂದುದು ಈ ಮಹಾಮಂಡಳದಿಂದಲೇ. ಅಮೆರಿಕದ ಡಬ್ಬಿಯಿಂದ ಅರ್ಧ ಶತಮಾನದ ಹಿಂದೆ ಹಾಲು ಕುಡಿದ ಊರುಗಳ ಹಸುಗಳೇ ಈಗ ಅಲ್ಲಿಯ ಮಕ್ಕಳಿಗೆ ಹಾಲು ಕೊಡುತ್ತಿವೆ.

ಇದಕ್ಕಿಂತ ಅಗ್ಗವಾದ ಇನ್ನೊಂದು ಉದಾಹರಣೆ ರಾಗಿಯದು. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಇಂಡಿಯ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳ ಕೂಡಿಕೆಯೇ ಇಂಡಾಫ್. ಹೆಚ್ಚು ಇಳುವರಿಯ ಈ ತಳಿಗಳು ತುಮಕೂರು ಜಿಲ್ಲೆಯಂಥ ರಾಗಿಯ ಸೀಮೆಯ ಕಣಗಳನ್ನು ತುಂಬಿದುವು. ಖಂಡಾಂತರದಿಂದ ಬಂದ ಈ ನೆರವಿನ ತೂಕ ಕೆಲವು ಹಿಡಿ ಬೀಜ; ಅದಕ್ಕೆ ಹಡಗು ಬೇಕಾಗಲಿಲ್ಲ. ಆದರೂ ಆಹಾರ ನೆರವಿನ ಯಾವ ಅಂಕಿಅಂಶದ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಬಂದುದನ್ನು ಟನ್ನುಗಳಲ್ಲಿ ಅಳೆಯುವ ಪದ್ಧತಿಯ ದೋಷ ಇದರಿಂದ ಸ್ಪಷ್ಟವಾಗುತ್ತದೆ.

ಧಾನ್ಯವೋ, ಹಣವೋ?

ಇತ್ತೀಚಿನ ಸಂಶೋಧನೆಗಳು ನಮ್ಮ ಐತಿಹಾಸಿಕ ಅನುಭವವನ್ನು ಅಂಕಿಗಳಲ್ಲಿ ಸಮರ್ಥಿಸುತ್ತವೆ. ಕೊಡುವ ದೇಶದ ಧಾನ್ಯವನ್ನೇ ಕಳುಹಿಸಬೇಕೆಂಬ ಕಟ್ಟಿನ ನೆರವು, ಆಯಾ ದೇಶದಲ್ಲಿಯೇ ಕೊಂಡು ಹಂಚುವುದಕ್ಕಿಂತ ಸರಾಸರಿ ಶೇಕಡ 50ರಷ್ಟು ದುಬಾರಿಯೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2005ರ ಸುಮಾರಿನ ತನ್ನ ಅಧ್ಯಯನದಲ್ಲಿ ಕಂಡುಕೊಂಡಿತು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯ 2007ರ ವರದಿಯಂತೆ, ಆ ದೇಶದ ದೊಡ್ಡ ಆಹಾರ ನೆರವಿನ ಕಾರ್ಯಕ್ರಮದ ವೆಚ್ಚದಲ್ಲಿ ಶೇಕಡ 65ರಷ್ಟು ಸಾಗಾಣಿಕೆ ಮತ್ತು ವ್ಯವಹಾರಗಳಿಗೇ ಹೋಗುತ್ತಿದ್ದಿತು. ಅನ್ನಕ್ಕೆ ಉಳಿದುದು ಮೂರರಲ್ಲೊಂದು ಪಾಲು. ಧಾನ್ಯದ ಒಂದು ಭಾಗ ಅಮೆರಿಕದ ಹಡಗುಗಳಲ್ಲಿಯೇ ಹೋಗಬೇಕೆಂಬ 1954ರ ಕಾನೂನು ಇದಕ್ಕೆ ಒಂದು ಕಾರಣ. 2009ರ ಅದೇ ಕಚೇರಿಯ ವರದಿ, ಸಹಾರಾದ ದಕ್ಷಿಣದ ಆಫ್ರಿಕದಲ್ಲಿ ಸ್ಥಳೀಯವಾಗಿ ಕೊಂಡ ಧಾನ್ಯ ಶೇಕಡ 34ರಷ್ಟು ಅಗ್ಗವೆಂದು ತಿಳಿಸಿತು. ಎಕ್ವಡಾರಿನಲ್ಲಿ ನಡೆದ ಹೋಲಿಕೆಯಲ್ಲಿ ಒಂದು ಕುಟುಂಬಕ್ಕೆ ಒಮ್ಮೆ ನೆರವನ್ನು ತಲುಪಿಸುವ ಖರ್ಚು ಹಣದ ರೂಪದಲ್ಲಾದರೆ ಸುಮಾರು 3 ಡಾಲರು, ಧಾನ್ಯದ ರೂಪದಲ್ಲಾದರೆ 11 ಡಾಲರಿಗೂ ಹೆಚ್ಚು ಎಂದು ಕಂಡುಬಂದಿತು.

ಇದರಿಂದ ಎಲ್ಲೆಲ್ಲಿಯೂ ಹಣವನ್ನೇ ಕೊಡಬೇಕೆಂಬ ನಿರ್ಣಯಕ್ಕೆ ಬರುವುದು ಆತುರವಾದೀತು. ಕ್ಷಾಮವೆಂಬುದು ಎಷ್ಟೋ ಸಲ ಧಾನ್ಯದ ಅಭಾವಕ್ಕಿಂತ ಕೊಳ್ಳುವ ಶಕ್ತಿಯ ಅಭಾವವೆಂದು ಅಮರ್ತ್ಯ ಸೇನ್ 1981ರಲ್ಲಿ ತೋರಿಸಿಕೊಟ್ಟರು. ಅಂಥ ಕಡೆಯಲ್ಲಿ ಹಣವೇ ಔಷಧ. ಆದರೆ 1877ರ ಪಾವಗಡದಲ್ಲಿ ಗಾಡಿಯೇ ಬಾರದಿದ್ದಾಗ ಕೈಯಲ್ಲಿದ್ದ ಹಣ ಬೆಲೆಯನ್ನು ಏರಿಸಬಲ್ಲುದೇ ಹೊರತು ಅನ್ನವಾಗಲಾರದು. ದಾರಿ ಮತ್ತು ಸಂತೆಗಳಿದ್ದಲ್ಲಿ ಹಣ, ಅವು ಮುರಿದಲ್ಲಿ ಧಾನ್ಯ ಎಂಬ ವಿವೇಕ ಬೇಕು.

ನಮ್ಮ ರಾಜ್ಯದಲ್ಲಿಯೇ ಈ ಪರೀಕ್ಷೆ ಮೊನ್ನೆ ಮೊನ್ನೆ ನಡೆಯಿತು. ಇದು ಅಂತರರಾಷ್ಟ್ರೀಯ ನೆರವಲ್ಲವಾದರೂ ತತ್ತ್ವ ಒಂದೇ. 2023ರಲ್ಲಿ ಅನ್ನಭಾಗ್ಯ ಯೋಜನೆಗೆ ಬೇಕಾದ ಹೆಚ್ಚುವರಿ ಅಕ್ಕಿ ಕೇಂದ್ರದ ಸಂಗ್ರಹದಿಂದ ದೊರೆಯದೆ ಹೋದಾಗ, ರಾಜ್ಯ ಸರ್ಕಾರವು ಆ ವರ್ಷದ ಜುಲೈಯಿಂದ ತಲೆಗೆ 5 ಕಿಲೋ ಅಕ್ಕಿಗೆ ಬದಲಾಗಿ ಕಿಲೋವಿಗೆ 34 ರೂಪಾಯಿಗಳಂತೆ 170 ರೂಪಾಯಿಗಳನ್ನು ಬ್ಯಾಂಕಿನ ಖಾತೆಗೆ ಹಾಕಿತು. ಅಕ್ಕಿ ಕಿಲೋವಿಗೆ 22 ರೂಪಾಯಿ 50 ಪೈಸೆಗೆ ಸಿಗುವಂತಾದ ಮೇಲೆ 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡುವುದೆಂದಾಯಿತು. ಹಣ ಬರುತ್ತಿದ್ದ ತಿಂಗಳುಗಳಲ್ಲಿ 34 ರೂಪಾಯಿಗೆ ಅಂಗಡಿಯಲ್ಲಿ ಒಳ್ಳೆಯ ಅಕ್ಕಿ ಸಿಗದೆಂಬ ದೂರೂ, ಬೇಕಾದುದನ್ನು ಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತೆಂಬ ಸಮಾಧಾನವೂ ಒಟ್ಟಿಗೇ ಕೇಳಿಬಂದುವು. ಧಾನ್ಯ–ಹಣಗಳ ನಡುವಣ ಆಯ್ಕೆ ಶಾಶ್ವತ ಸಿದ್ಧಾಂತವಲ್ಲ; ಆಯಾ ದಿನದ ಬೆಲೆ ಮತ್ತು ದೂರಗಳ ಲೆಕ್ಕ.

ದೂರ ಕಡಮೆಯಾದಷ್ಟೂ ಫಲ ಹೆಚ್ಚೆಂಬುದಕ್ಕೆ ಈ ಸೀಮೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ನಡೆಯುವ ನಿತ್ಯ ದಾಸೋಹಕ್ಕೆ ಸುತ್ತಣ ಒಕ್ಕಲುಗಳು ಸುಗ್ಗಿಯಲ್ಲಿ ರಾಗಿ ಕಾಳುಗಳನ್ನು ತಂದೊಪ್ಪಿಸುತ್ತಾರೆ. ಹೊಲಕ್ಕೂ ಒಲೆಗೂ ನಡುವೆ ಬಂದರು, ಉಗ್ರಾಣ, ದಲ್ಲಾಳಿ ಯಾವುದೂ ಇಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ಕಂಡುಕೊಂಡುದನ್ನು ಹೀಗೆ ಹೇಳಬಹುದು. ಆಹಾರ ನೆರವಿನ ವೆಚ್ಚವನ್ನು ಬಂದರಿನಲ್ಲಿ ಅಳೆದರೆ ಉತ್ತರ ಒಂದು. ಉಣ್ಣುವವನ ತಟ್ಟೆಯಲ್ಲಿ ಅಳೆದರೆ ಇನ್ನೊಂದು. ಮುಂದಿನ ವರ್ಷದ ಹೊಲದಲ್ಲಿ ಅಳೆದರೆ ಮತ್ತೊಂದು. ಬಿಹಾರದ ಅಕ್ಕಿ ಬಂದರಿನ ಲೆಕ್ಕದಲ್ಲಿ ದುಂದಾಗಿ ತಟ್ಟೆಯ ಲೆಕ್ಕದಲ್ಲಿ ಗೆದ್ದಿತು. ಪಿ. ಎಲ್. 480ರ ಗೋಧಿ ತಟ್ಟೆಯನ್ನು ತುಂಬಿತು, ಆದರೆ ಅದಕ್ಕಾಗಿ ದೇಶವು ಸ್ವಾತಂತ್ರ್ಯದ ಒಂದಂಶವನ್ನು ಒತ್ತೆಯಿಡಬೇಕಾಯಿತು. ಮ್ಯಾನ್ಷನ್ ಹೌಸ್ ನಿಧಿಯ ಬೀಜ, ಮಾರಾಟವಾದ ಹಾಲಿನ ಪುಡಿ, ಆಫ್ರಿಕದ ರಾಗಿ ಈ ಮೂರೂ ಹೊಲದ ಮತ್ತು ಕೊಟ್ಟಿಗೆಯ ಲೆಕ್ಕದಲ್ಲಿ ಗೆದ್ದುವು. ಪಡೆದವನು ಮತ್ತೆ ಬೇಡದಂತಾಗುವುದೇ ನೆರವಿನ ನಿಜವಾದ ಅಗ್ಗತನ.

ಇದರಿಂದ ತುರ್ತಿನ ಅನ್ನವನ್ನು ಕಡೆಗಣಿಸಬಹುದೆಂದು ಯಾರೂ ತಿಳಿಯಬಾರದು. ಸತ್ತವನಿಗೆ ಮುಂದಿನ ವರ್ಷದ ಬೀಜದಿಂದ ಪ್ರಯೋಜನವಿಲ್ಲ. 1871ರ ಮತ್ತು 1881ರ ಎರಡು ಗಣತಿಗಳ ನಡುವಣ ಅಂತರ ಮಿತವ್ಯಯವೆಂಬ ಹೆಸರಿನಲ್ಲಿ ನಡೆದ ಉಳಿತಾಯದ ಬೆಲೆಯನ್ನು ಸಾರಿ ಹೇಳುತ್ತಿದೆ. ಇಂದು ದೂರದ ರಾಜಧಾನಿಗಳಲ್ಲಿ ನೆರವನ್ನು ಕತ್ತರಿಸುವವರು ಹಡಗಿನ ದುಬಾರಿ ಬಾಡಿಗೆಯನ್ನು ಕಾರಣವಾಗಿ ತೋರಿಸುವುದಾದರೆ, ಕತ್ತರಿಸಬೇಕಾದುದು ಬಾಡಿಗೆಯನ್ನೇ ಹೊರತು ಅನ್ನವನ್ನಲ್ಲ.

ಭಾರತವೂ ಈಗ ಕೊಡುವ ದೇಶಗಳ ಸಾಲಿನಲ್ಲಿದೆ. 2021ರ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನಕ್ಕೆ ಕೊಡಬಯಸಿದ 50,000 ಟನ್ನು ಗೋಧಿಯ ಮೊದಲ ಲಾರಿಗಳು ಪಾಕಿಸ್ತಾನದ ಮೂಲಕ ಹೊರಟುದು 2022ರ ಫೆಬ್ರವರಿಯಲ್ಲಿ. ನೆರೆಯ ಗೋಧಿಗೂ ಗಡಿಯ ಒಪ್ಪಿಗೆಗಾಗಿ ಚಳಿಗಾಲದ ತಿಂಗಳುಗಳು ಕಳೆದುವು. ಪಡೆಯುವವರಾಗಿ ನಾವು ತೆತ್ತ ಬೆಲೆಗಳನ್ನು ಕೊಡುವವರಾದ ಮೇಲೆ ಮರೆಯದಿರುವುದು ಒಳ್ಳೆಯದು. ವಸಂತನರಸಾಪುರದ ಉಗ್ರಾಣಗಳಿಂದ ನಾಳೆ ಯಾವ ದೇಶಕ್ಕೆ ಧಾನ್ಯ ಹೋಗುವುದಾದರೂ, ಎಷ್ಟು ಚೀಲ ಹೋಯಿತೆಂಬುದರೊಡನೆ, ಹೋದ ಊರಿನಲ್ಲಿ ಮರುವರ್ಷ ಕಣ ತುಂಬಿತೇ ಎಂಬುದನ್ನೂ ವಿಚಾರಿಸುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕು. ಒಂದೊಂದು ತಾಲ್ಲೂಕಿನ ಕ್ಷಾಮದ ದಾಖಲೆ, ಶಾಲೆಗಳ ಊಟದ ಪಟ್ಟಿ, ಹಾಲಿನ ಸಂಘಗಳ ಲೆಕ್ಕದ ಪುಸ್ತಕ ಇವುಗಳನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಶ್ರಮವಹಿಸಿ ಪರಿಶೀಲಿಸಿದರೆ ಈ ವಿಚಾರಣೆಗೆ ಬೇಕಾದ ಸಾಮಗ್ರಿ ಕೈಗೆ ಸಿಗುವುದರಲ್ಲಿ ಸಂದೇಹವಿಲ್ಲ.